ನಲ್ಲಿ ಬೀದಿಯ ಕಡೆಗಿರಲಿ



ಕೊಟ್ಟೂರು ಜಾತ್ರೆಗೆ ಪಾದಯಾತ್ರೆ ಹೋಗುವವರಿಗೆ ನಮ್ಮ ಭಾಗದ ಊರುಗಳಲ್ಲಿ ಅನ್ನ, ಮಜ್ಜಿಗೆ ಕೊಡುವುದು ರೂಢಿ. ಹೀಗೆ ಒಮ್ಮೆ ಕಾನಹೊಸಹಳ್ಳಿಯ ಹತ್ತಿರ ಹುಡುಗನೊಬ್ಬ ನನಗೆ ನೀರಿನ ಚೊಂಬು ಕೊಟ್ಟು ನಕ್ಕ. ಅವನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ಅದು ಫ್ಲೋರೈಡಿನ ಗುರುತು. ಅವನು ಕುಡಿದು ಬೆಳೆದದ್ದು ಬೋರ್‌ವೆಲ್ ನೀರು. ಸರ್ಕಾರಿ ಎಂಜಿನಿಯರ್ ಆಗಿ ಅಂಥ ಎಷ್ಟೋ ಬೋರ್‌ವೆಲ್‌ಗಳಿಗೆ ನಾನೇ ಸಹಿ ಹಾಕಿದ್ದೇನೆ. ನೀರು ಬಿತ್ತೇ ಎಂದು ನೋಡಿದೆ. ಎಂಥ ನೀರು ಎಂದು ನೋಡಿದ್ದು ಕಡಿಮೆ.

ಕೂಡ್ಲಿಗಿ ಸೀಮೆಯಲ್ಲಿ ಬಂಡೆಯ ಬಿರುಕುಗಳೊಳಗೆ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕಗಳು ನಡೆಯುವಷ್ಟು ದಿನ ಉಪಕಾರಿಯೇ. ಆದರೆ ಅವಕ್ಕೆ ಕರೆಂಟು ಬೇಕು, ಮೆಂಬ್ರೇನ್ ಬದಲಿಸಬೇಕು. ತೆಗೆದ ಫ್ಲೋರೈಡ್ ಪುನಃ ಚರಂಡಿಗೇ ಹೋಗುತ್ತದೆ.

ಮಳೆನೀರಿನಲ್ಲಿ ಈ ತೊಂದರೆಯೇ ಇಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. 30 ಚದರ ಮೀಟರ್ ಆರ್‌ಸಿಸಿ ಚಾವಣಿ, ವರ್ಷಕ್ಕೆ 500 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ. ಐದನೇ ಒಂದು ಭಾಗ ನಷ್ಟವಾದರೂ 12,000 ಲೀಟರ್ ಸಿಗುತ್ತದೆ. ಕುಡಿಯಲು ದಿನಕ್ಕೆ 20 ಲೀಟರಿನಂತೆ ಒಂದು ಮನೆಗೆ ವರ್ಷಕ್ಕೆ ಬೇಕಾದದ್ದು 7,300. ಬರ ಬಂದು ಅರ್ಧ ಮಳೆಯಾದರೂ 300 ದಿನದ ನೀರಾಯಿತು.

ಮಾಡುವ ಕ್ರಮವೂ ಸರಳ. ಚಾವಣಿ ಗುಡಿಸಿರಬೇಕು. ಪೈಪಿಗೆ ಒಂದು ಕವಲು ಇಟ್ಟು, ಪ್ರತಿ ಮಳೆಯ ಮೊದಲ 30 ಲೀಟರನ್ನು ಹೊರಗೆ ಬಿಡಬೇಕು. ಆಮೇಲಿನ ನೀರು ಮರಳು, ಇದ್ದಿಲು, ಜಲ್ಲಿ ತುಂಬಿದ ಡ್ರಮ್ಮಿನಲ್ಲಿ ಸೋಸಿ ತೊಟ್ಟಿಗೆ ಇಳಿಯಲಿ. ತೊಟ್ಟಿಗೆ ಬೆಳಕು, ಸೊಳ್ಳೆ ಹೋಗದಂತೆ ಮುಚ್ಚಳವಿರಲಿ. ಕೊಡ ಅದ್ದಬಾರದು, ನಲ್ಲಿಯಿಂದಲೇ ಹಿಡಿಯಬೇಕು. ಕಾಯಿಸಿ ಆರಿಸಿ ಕುಡಿಯಿರಿ. ಮಳೆನೀರು ಸಪ್ಪೆ, ಸತ್ವವಿಲ್ಲ ಎನ್ನುವವರಿದ್ದಾರೆ. ಸತ್ವ ಕೊಡಲು ನಮ್ಮ ರೊಟ್ಟಿ, ರಾಗಿಮುದ್ದೆ, ಮಜ್ಜಿಗೆ ಇವೆ.

ಆದರೆ ಮಣ್ಣಿನ ಮಾಳಿಗೆಯಿಂದ, ಗುಡಿಸಲಿನಿಂದ ಕುಡಿಯುವ ನೀರು ಹಿಡಿಯಲಾಗದು. ಹೆಚ್ಚು ಬಡವರಾದವರಿಗೆ ನೀರು ಹಿಡಿಯುವ ಸೂರೇ ಇಲ್ಲ. ಇಲ್ಲಿಯೇ ಮಠಗಳ ಕೆಲಸವಿದೆ. ಮಠ, ಅದರ ಶಾಲೆ, ಕಲ್ಯಾಣಮಂಟಪ ಸೇರಿ 300 ಚದರ ಮೀಟರ್ ಚಾವಣಿ ದೊಡ್ಡದೇನಲ್ಲ. ಇದೇ ಲೆಕ್ಕದಲ್ಲಿ 1,20,000 ಲೀಟರ್, ಅಂದರೆ 16 ಮನೆಗಳಿಗೆ ವರ್ಷದ ಕುಡಿಯುವ ನೀರು. ಮಳೆಯಿಲ್ಲದ ಆರು ತಿಂಗಳಿಗೆ ಸುಮಾರು 60,000 ಲೀಟರಿನ ತೊಟ್ಟಿ ಬೇಕು. ಖರ್ಚೆಲ್ಲ ಬಹುಪಾಲು ಆ ತೊಟ್ಟಿಯದೇ. ಭಕ್ತರು ಮಹಾದ್ವಾರಕ್ಕೆ ಕಾಣಿಕೆ ಕೊಡಲು ಬಂದರೆ, ಮೊದಲು ತೊಟ್ಟಿ ಆಗಲಿ ಎಂದು ಪೂಜ್ಯರು ಹೇಳಬಾರದೇ?

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ಪರಂಪರೆ ನಮ್ಮದು. ಅನ್ನದಂತೆ ನೀರೂ ದಾಸೋಹವೇ. ಒಂದೇ ಮಾತು: ತೊಟ್ಟಿಯ ನಲ್ಲಿ ಮಠದ ಒಳಗೆ ಬೇಡ, ಬೀದಿಯ ಕಡೆಗಿರಲಿ. ಯಾವ ಕೇರಿಯವರಾದರೂ ಯಾರನ್ನೂ ಕೇಳದೆ ಕೊಡ ಇಟ್ಟು ತುಂಬಿಸಿಕೊಳ್ಳಲಿ. ನಕ್ಷೆ, ಅಳತೆ, ಮೇಲ್ವಿಚಾರಣೆಗೆ ಕರೆದ ಮಠಕ್ಕೆ ನನ್ನ ಖರ್ಚಿನಲ್ಲೇ ಬರುತ್ತೇನೆ. ಹಾಕಿದ ಸಹಿಗಳ ಸಾಲ ನನ್ನ ಮೇಲಿದೆ. ತೀರಿಸಲು ನನಗೆ ಉಳಿದಿರುವ ಕಾಯಕ ಇದೇ.