ಕೈಯಲ್ಲಿ ಎರಡು ರಾಜ ಬಂದಾಗ

ರಮ್ಮಿ ಆಡಿ ಬೆಳೆದವರಿಗೆ ಟೆಕ್ಸಾಸ್ ಹೋಲ್ಡೆಮ್ ಪೋಕರ್ ಮೊದಲು ವಿಚಿತ್ರ ಅನಿಸುತ್ತೆ. ಕೈಗೆ ಬರೋದು ಎರಡೇ ಎಲೆ. ಮಿಕ್ಕ ಐದು ಮೇಜಿನ ಮೇಲೆ, ಎಲ್ಲರ ಪಾಲಿಗೂ. ಮೊದಲು ಮೂರು ಬೀಳುತ್ತವೆ, ಅದು ಫ್ಲಾಪ್. ಆಮೇಲಿನದು ಟರ್ನ್, ಕೊನೆಯದು ರಿವರ್.

ಕೈಯ ಎರಡೂ ಎಲೆ ಒಂದೇ ಆಗಿದ್ದರೆ ಅದು ಪಾಕೆಟ್ ಪೇರ್. ಎರಡು ಎಕ್ಕ ಬರೋದು 221 ಸಲಕ್ಕೆ ಒಮ್ಮೆ. ಎರಡು ರಾಜ, ಎರಡು ರಾಣಿಯೂ ಅಷ್ಟೇ ಅಪರೂಪ. ಹಾಗಾಗಿ ಬಂದಾಗ ‘ಇನ್ನು ಗೆದ್ದಂಗೇ’ ಅನಿಸೋದು ಸಹಜ. ಆದರೆ ಲೆಕ್ಕ ಬೇರೆ ಹೇಳುತ್ತೆ. ಎದುರಿಗೆ ಒಬ್ಬನೇ ಇದ್ದು ಅವನ ಕೈಯಲ್ಲಿ ಯಾವುದೋ ಎರಡು ಎಲೆ ಇದ್ದರೆ, ಎರಡು ಎಕ್ಕ ಗೆಲ್ಲೋದು ಸುಮಾರು 85%. ಒಂಬತ್ತು ಜನ ಕೊನೆಯವರೆಗೂ ಉಳಿದರೆ ಸುಮಾರು 31% ಮಾತ್ರ! ಅದಕ್ಕೇ ಮೊದಲ ಸುತ್ತಲ್ಲೇ ರೈಸ್ ಮಾಡಬೇಕು. ಸುಮ್ಮನೆ ಕಾಲ್ ಮಾಡಿ ಹೊಂಚು ಹಾಕಿದರೆ, ಎಲ್ಲರನ್ನೂ ಅಗ್ಗದ ಟಿಕೆಟ್‌ನಲ್ಲಿ ಒಳಗೆ ಕರೆದಂತೆ.

ಲಿಮಿಟ್ ಆಟದಲ್ಲಿ ಇನ್ನೊಂದು ತೊಡಕಿದೆ. ನೋ-ಲಿಮಿಟ್‌ನಲ್ಲಿ ಇರೋದನ್ನೆಲ್ಲ ಮುಂದಕ್ಕೆ ತಳ್ಳಿ ಹೆದರಿಸಬಹುದು. ಇಲ್ಲಿ ಪಣ ನಿಗದಿ. ಮೊದಲೆರಡು ಸುತ್ತಿಗೆ 10, ಕೊನೆಯ ಎರಡಕ್ಕೆ 20 ಅಂದುಕೊಳ್ಳಿ. ನಾವು ಸ್ನೇಹಿತರು ಆಡೋದು ಹುಣಸೆ ಬೀಜ ಇಟ್ಟು, ಹಾಗಾಗಿ ಲೆಕ್ಕವೂ ಬೀಜದಲ್ಲೇ ಇರಲಿ.

ನಿಮ್ಮ ಹತ್ತಿರ ಎರಡು ರಾಜ. ಫ್ಲಾಪ್‌ಗೆ ಮುಂಚೆ ನಡುವೆ 85 ಬೀಜ ಸೇರಿದೆ. ಫ್ಲಾಪ್‌ನಲ್ಲಿ ಎರಡು ಆಠೀನ್ ಬಿತ್ತು. ನೀವು 10 ಹಾಕಿದಿರಿ, ಒಬ್ಬ ಉಳಿದ. ಅವನ ಕೈಯಲ್ಲಿ ಎರಡು ಆಠೀನ್ ಇದೆ, ಇನ್ನೊಂದು ಬಂದರೆ ಫ್ಲಶ್. ಈಗ ನಡುವೆ 105. ಟರ್ನ್ ಎಲೆ ಯಾರಿಗೂ ಆಗಿಬರಲಿಲ್ಲ, ನೀವು 20 ಹಾಕಿದಿರಿ. ಅವನು 20 ಕೊಟ್ಟರೆ ಗೆಲ್ಲಬಹುದಾದ್ದು 125. ಅವನಿಗೆ ಕಾಣದ 46 ಎಲೆಗಳಲ್ಲಿ ಬೇಕಾದ್ದು 9, ಬೇಡದ್ದು 37. ಅಂದರೆ ನಾಲ್ಕು ಸಲ ಸೋತು ಒಮ್ಮೆ ಗೆದ್ದರೂ ಅವನಿಗೆ ಲಾಭವೇ. ಕಾಲ್ ಮಾಡೋದು ಅವನ ದಡ್ಡತನ ಅಲ್ಲ.

ಹಾಗಂತ ನೀವು 20 ಹಾಕಿದ್ದು ತಪ್ಪಾ? ಖಂಡಿತ ಅಲ್ಲ. ಐದರಲ್ಲಿ ನಾಲ್ಕು ಸಲ ಅವನ 20 ನಿಮಗೇ ಬರುತ್ತೆ. ಹಾಕದೇ ಬಿಟ್ಟರೆ ಅವನು ಪುಕ್ಕಟೆ ಎಲೆ ನೋಡ್ತಾನೆ. ಇಬ್ಬರೂ ಸರಿಯಾಗಿ ಆಡಿದರು, ಆದರೂ ಒಬ್ಬ ಸೋಲಲೇಬೇಕು. ಲಿಮಿಟ್‌ನಲ್ಲಿ ಅರಗಿಸಿಕೊಳ್ಳೋಕೆ ಕಷ್ಟವಾಗೋದು ಇದೇ. ರಿವರ್‌ನಲ್ಲಿ ಆಠೀನ್ ಬಿದ್ದಾಗ ‘ಇಂಥಾ ಕೈ ಸೋತಿತಲ್ಲ’ ಅಂತ ರೇಗಿ, ಮುಂದಿನ ಹತ್ತು ಆಟ ಹಾಳು ಮಾಡಿಕೊಳ್ಳುವವರೇ ಜಾಸ್ತಿ.

ಇನ್ನು ಭಯದ ಎಲೆಗಳು. ಎರಡು ರಾಜ ಇದ್ದಾಗ ಫ್ಲಾಪ್‌ನಲ್ಲಿ ಎಕ್ಕ ಕಾಣಿಸೋದು ಸುಮಾರು 23% ಸಲ. ಎರಡು ರಾಣಿ ಇದ್ದರೆ ಎಕ್ಕವೋ ರಾಜನೋ ಬರೋದು ಸುಮಾರು 41%. ಎದುರಿಗೆ ಒಬ್ಬನೇ ಇದ್ದರೆ ಅಷ್ಟಕ್ಕೇ ಕೈ ಬಿಡಬೇಡಿ. ನಮ್ಮ ಉದಾಹರಣೆಯಲ್ಲೇ ರಿವರ್‌ನಲ್ಲಿ ಅವನು 20 ಹಾಕಿದರೆ ನಡುವೆ 165 ಇರುತ್ತೆ. ಒಂಬತ್ತರಲ್ಲಿ ಒಂದು ಸಲ ನೀವೇ ಮುಂದಿದ್ದರೂ ಕಾಲ್ ಮಾಡಿದ್ದಕ್ಕೆ ನಷ್ಟವಿಲ್ಲ. ಆದರೆ ಎಕ್ಕ ಬಿದ್ದ ಮೇಲೆ ಒಬ್ಬ ಪಣ ಹಾಕಿ, ಇನ್ನೊಬ್ಬ ರೈಸ್ ಮಾಡಿದರೆ ರಾಜರನ್ನು ಬೀಳ್ಕೊಡೋದೇ ವಾಸಿ.

ಇಬ್ಬರು ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ‘ಸೆಫಿಯಸ್’ ಅನ್ನೋ ಪ್ರೋಗ್ರಾಂನಿಂದ ಹೆಚ್ಚುಕಡಿಮೆ ಪೂರ್ತಿ ಬಿಡಿಸಿದರು. ಅಂಥ ಸೆಫಿಯಸ್ ಕೂಡ ಒಂದೊಂದು ಕೈ ಸೋಲುತ್ತೆ. ಅದು ನೋಡೋದು ಸಾವಿರಾರು ಕೈಗಳ ಸರಾಸರಿ ಮಾತ್ರ.

ನಮ್ಮ ಸಂಬಳ ಅಷ್ಟು ದಿನ ಕಾಯಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾನೂನಿನ ಮಾತು ಬಿಟ್ಟರೂ, 31% ಅನ್ನೋದರ ಅರ್ಥ ಕಲಿಯೋಕೆ ಒಂದು ಸೇರು ಹುಣಸೆ ಬೀಜ ಧಾರಾಳ ಸಾಕು.