ನಡುನೋವಿಗೆ ಹಾಸಿಗೆಯೇ ಮದ್ದಲ್ಲ

ನಮ್ಮ ಕೊಡಿಕೊಂಡದ ಸುತ್ತಮುತ್ತ ಕಡಲೆಕಾಯಿ ಕೀಳುವ ದಿನಗಳು ಬಂದವೆಂದರೆ, ನಡುವಿನ ಮೇಲೆ ಕೈಯಿಟ್ಟು ನಡೆಯುವವರ ಸಂಖ್ಯೆ ಹೆಚ್ಚುತ್ತದೆ. ಬೆಳಗಿನಿಂದ ಬಾಗಿದ ಬೆನ್ನು ಸಂಜೆಗೆ ನೆಟ್ಟಗಾಗದು. “ದುಡಿಯುವವರಿಗೆ ಇದೆಲ್ಲ ಇದ್ದದ್ದೇ” ಎಂದು ನಾವು ಸುಮ್ಮನಾಗುತ್ತೇವೆ.

ಕೆಲವು ವರ್ಷಗಳ ಹಿಂದೆ ಈ ನೋವಿನ ಪರಿಚಯ ನನಗೂ ಆಯಿತು. ಶಾಲೆಯ ಮಧ್ಯಾಹ್ನದ ಊಟಕ್ಕೆಂದು ಬಂದ 50 ಕಿಲೋ ಅಕ್ಕಿಮೂಟೆಯನ್ನು ಒಬ್ಬನೇ ಎತ್ತಹೋದೆ. ಮೊಣಕಾಲು ಮಡಿಸದೆ ಬಾಗಿದೆ; ಎತ್ತಿದವನು ಹಾಗೆಯೇ ನಡುವನ್ನು ತಿರುಚಿದೆ. ಚಳುಕು ಹೊಡೆದು ಅಲ್ಲಿಯೇ ಕುಸಿದೆ. ಭಾರವು ಆಧಾರದಿಂದ ದೂರ ಹೋದಷ್ಟೂ ಎತ್ತಲು ಹೆಚ್ಚು ಬಲ ಬೇಕೆಂಬ ಸನ್ನೆಗೋಲಿನ ಪಾಠವನ್ನು ಮಕ್ಕಳಿಗೆ ವರ್ಷವರ್ಷವೂ ಹೇಳಿದವನು ನಾನು. ನನ್ನ ಬೆನ್ನಿಗೆ ಮಾತ್ರ ಹೇಳಿರಲಿಲ್ಲ!

ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಬೇಕೆಂದರು ಕೆಲವರು. ಮೂರು ವಾರ ಏಳಲೇಬಾರದೆಂದರು ಮನೆಯವರು. ಎಂಟು ದಿನ ಮಲಗಿದೆ. ಎದ್ದಾಗ ನೋವು ಅಷ್ಟೇ ಇತ್ತು, ಕಾಲಿನ ಶಕ್ತಿ ಮಾತ್ರ ಕುಗ್ಗಿತ್ತು. “ಮಲಗಿದ್ದೇ ಹೆಚ್ಚಾಯಿತು, ಮೇಷ್ಟ್ರೇ” ಎಂದರು ವೈದ್ಯರು.

ಅವರ ಮಾತಿಗೆ ಆಧಾರವಿದೆ. ಫಿನ್‌ಲೆಂಡಿನಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಾಸಿಗೆ ಹಿಡಿದವರಿಗಿಂತ, ನೋವು ಸಹಿಸುವಷ್ಟರ ಮಟ್ಟಿಗೆ ನಿತ್ಯದ ಓಡಾಟ ಮುಂದುವರಿಸಿದವರೇ ಬೇಗ ಗುಣಮುಖರಾದರು. ತೀವ್ರ ನೋವಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು. ಬಿಸಿ ಶಾಖ ಹಿತವಾದೀತು. ಬಳಿಕ ಮೆಲ್ಲಗೆ ನಡೆದಾಡಬೇಕು. ಬಹುಪಾಲು ನಡುನೋವು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಅಂಗಡಿಯಿಂದ ಮಾತ್ರೆ ತಂದು ದಿನವೂ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಆದರೆ ಓಡಾಡುವುದು ಬೇರೆ, ಮೂಟೆ ಹೊರುವುದು ಬೇರೆ. ಕೂಲಿಯವರು ಮಲಗಿದರೆ ಒಲೆ ಹೊತ್ತದು, ನಿಜ. ಆದುದರಿಂದಲೇ ಭಾರವನ್ನು ಹಂಚಿಕೊಳ್ಳುವ ಹೊಣೆ ಮನೆಯವರದೂ ಕೆಲಸ ಕೊಟ್ಟವರದೂ ಆಗಿದೆ. ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು. ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆಯಿರಬೇಕೆಂದೂ ಹೇಳಿತು. ಇದು ಗಟ್ಟಿಮುಟ್ಟಾದವರ ಮೇರೆ. ಎಲ್ಲರ ಬೆನ್ನಿಗೂ ಒಪ್ಪುವ ಅಳತೆಯಲ್ಲ.

ಎತ್ತುವಾಗ ಪಾದಗಳನ್ನು ಅಗಲಿಸಿ, ಮೊಣಕಾಲು ಮಡಿಸಿ, ಭಾರವನ್ನು ಎದೆಗೆ ಒತ್ತಿಕೊಂಡು ಏಳಿರಿ. ತಿರುಗಬೇಕಾದರೆ ಪಾದ ತಿರುಗಿಸಿ, ನಡುವನ್ನು ತಿರುಚದಿರಿ. ಒಂದು ದೊಡ್ಡ ಕೊಡಕ್ಕಿಂತ ಎರಡು ಸಣ್ಣ ಕೊಡ ಲೇಸು. ಕಳೆ ಕೀಳುವಾಗ ಆಗಾಗ ಎದ್ದು ನಿಂತು ಬೆನ್ನು ಚಾಚಿ. ಒಂದು ಸಾಲು ಮುಗಿದಾಗ ನಾಲ್ಕು ಹೆಜ್ಜೆ ನಡೆಯಿರಿ.

ಒಂದು ಎಚ್ಚರಿಕೆ. ಕಾಲು ಸೋತು ಬಂದರೆ, ತೊಡೆಸಂದಿಯಲ್ಲಿ ಸ್ಪರ್ಶಜ್ಞಾನ ತಪ್ಪಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಿರಿ. ನೋವಿನೊಡನೆ ಜ್ವರವಿದ್ದರೆ, ಮೈ ಇಳಿಯುತ್ತಿದ್ದರೆ ಬೆನ್ನೆಲುಬಿನ ಕ್ಷಯವೂ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ವೃದ್ಧರು ಬಿದ್ದ ಮೇಲೆ ನೋವು ಬಂದರೂ ಹಾಗೆಯೇ.

ಈಗ ನಮ್ಮ ಶಾಲೆಗೆ ಅಕ್ಕಿಮೂಟೆ ಬಂದರೆ ಇಬ್ಬರು ಹಿಡಿಯುತ್ತೇವೆ. ಎರಡನೆಯವರಿಗಾಗಿ ಕಾಯುವುದು ಕೆಲವು ನಿಮಿಷ. ನಾನು ಕಾಯದೆ ಕಳೆದುಕೊಂಡದ್ದು ಒಂದು ತಿಂಗಳು.