ಸೌದೆ ಕೋಣೆಯಲ್ಲಿ ಅಡಗಿದ ಅಜ್ಜಿ

ಸಹೋದರಿಯರೇ, ಹಿಂದಿ ಸಿನಿಮಾದಲ್ಲಿ ಮುಸ್ಲಿಮರ ಮನೆ ಎಂದರೆ ಏನು ತೋರಿಸುತ್ತಾರೆಂದು ನಿಮಗೆ ಗೊತ್ತೇ ಇದೆ. ಒಂದೋ ನವಾಬರ ಮಹಲು, ಗಝಲು. ಇಲ್ಲವೇ ಬಂದೂಕು ಹಿಡಿದ ಖಳನಾಯಕ. ಬಾಡಿಗೆ ಮನೆಗಾಗಿ ಅಲೆಯುವ ತಂದೆ, ಮಗಳ ನಿಕಾಹ್‌ನ ಚಿಂತೆಯಲ್ಲಿ ಬೇಯುವ ತಾಯಿ ಅಲ್ಲಿ ಕಾಣಸಿಗುವುದು ಅಪರೂಪ. ಅಂತಹ ಮನೆಯೊಂದನ್ನು ತೆರೆಗೆ ತಂದವರು ಮೈಸೂರಿನಲ್ಲಿ 1930ರಲ್ಲಿ ಹುಟ್ಟಿದ ಎಂ.ಎಸ್. ಸತ್ಯು.

ಮುಂಬಯಿ ಸೇರಿದ ಸತ್ಯು ರಂಗಭೂಮಿಯಲ್ಲಿ ದುಡಿದರು, ಚೇತನ್ ಆನಂದ್‌ರ ಸಹಾಯಕರಾದರು. 'ಹಕೀಕತ್' (1964) ಚಿತ್ರದ ಕಲಾ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು. ಆದರೆ ಅವರ ಹೆಸರು ಉಳಿದಿರುವುದು 1973ರಲ್ಲಿ ತಯಾರಾದ 'ಗರ್ಮ್ ಹವಾ'ದಿಂದ. ಕಥೆ ಇಸ್ಮತ್ ಚುಗ್ತಾಯಿಯವರದು. ಚಿತ್ರಕಥೆ ಬರೆದವರು ಕೈಫಿ ಆಝ್ಮಿ ಮತ್ತು ಸತ್ಯುರವರ ಪತ್ನಿ ಶಮಾ ಝೈದಿ.

ದೇಶ ವಿಭಜನೆಯಾದ ನಂತರದ ಆಗ್ರಾ. ಚಪ್ಪಲಿ ಕಾರ್ಖಾನೆಯ ಸಲೀಮ್ ಮಿರ್ಝಾ ಊರು ಬಿಡಲೊಲ್ಲರು. ಅಣ್ಣ ಪಾಕಿಸ್ತಾನಕ್ಕೆ ಹೊರಟುಹೋಗುತ್ತಾನೆ. ಹವೇಲಿ ಅವನ ಹೆಸರಿನಲ್ಲಿದ್ದುದರಿಂದ ಸರಕಾರದ ವಶವಾಗುತ್ತದೆ. (ನಮ್ಮಲ್ಲೂ ಎಷ್ಟು ಮನೆಗಳ ಕಾಗದಪತ್ರ ಇಂದಿಗೂ ಅಣ್ಣನ ಹೆಸರಿನಲ್ಲೇ ಇಲ್ಲ?) ಮನೆ ಖಾಲಿ ಮಾಡುವ ದಿನ ಮುದುಕಿ ತಾಯಿ ಕಾಣೆ! ಮದುಮಗಳಾಗಿ ಕಾಲಿಟ್ಟ ಮನೆ ಬಿಡಲಾರದೆ ಆಕೆ ಸೌದೆ ಕೋಣೆಯಲ್ಲಿ ಅಡಗಿರುತ್ತಾಳೆ. ಮುಂದೆ ಸಾಯುವ ಹೊತ್ತಿಗೆ ಅವಳನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಅದೇ ಹವೇಲಿಗೆ ಹೊತ್ತು ತರುತ್ತಾರೆ. ಈ ಪಾತ್ರ ಮಾಡಿದ ಬದರ್ ಬೇಗಂ ಆಗ್ರಾದವರೇ.

ಮಗಳು ಆಮಿನಾಳ ಕಥೆ ಇನ್ನೂ ಕಷ್ಟದ್ದು. ನಿಶ್ಚಯವಾಗಿದ್ದ ಕಾಝಿಮ್ ಗಡಿ ದಾಟಿ ಬಂದರೂ ನಿಕಾಹ್‌ಗೆ ಮೊದಲೇ ಪೊಲೀಸರು ಹಿಡಿದೊಯ್ಯುತ್ತಾರೆ. ಎರಡನೆಯವನು ಆಸೆ ಹುಟ್ಟಿಸಿ ಗಡಿಯಾಚೆ ಹೋದವನು ಬರಲೇ ಇಲ್ಲ. ಅವನ ಮದುವೆ ಬೇರೆಲ್ಲೋ ಗೊತ್ತಾಗಿತ್ತು. ಆಮಿನಾ ಪ್ರಾಣ ಕಳೆದುಕೊಳ್ಳುತ್ತಾಳೆ. ಆತ್ಮಹತ್ಯೆಯನ್ನು ನಮ್ಮ ಧರ್ಮ ಒಪ್ಪುವುದಿಲ್ಲ, ನಿಜ. ಆದರೆ ಹುಡುಗಿಯನ್ನು ಆ ಗತಿಗೆ ತಂದವರ ಬಗ್ಗೆ ನಾವು ಮಾತಾಡುವುದೇ ಕಡಿಮೆ.

ಒಂದು ತಕರಾರು ನನಗಿದೆ. ಕೊನೆಗೆ ರೈಲು ನಿಲ್ದಾಣಕ್ಕೆ ಹೊರಟ ಸಲೀಮ್, ದಾರಿಯಲ್ಲಿ ಎದುರಾದ ಮೆರವಣಿಗೆಯನ್ನು ಮಗನೊಂದಿಗೆ ಸೇರಿಕೊಂಡು, ಹೆಂಡತಿಯನ್ನು ಟಾಂಗಾದಲ್ಲಿ ಮನೆಗೆ ಕಳುಹಿಸುತ್ತಾನೆ. ಹೋಗುವುದೋ ಉಳಿಯುವುದೋ ಎಂದು ಆಕೆಯನ್ನು ಯಾರೂ ಕೇಳುವುದಿಲ್ಲ.

ಸಲೀಮ್ ಆಗಿ ನಟಿಸಿದ ಬಲರಾಜ್ ಸಾಹ್ನಿ ಚಿತ್ರ ಬಿಡುಗಡೆಯಾಗುವ ಮೊದಲೇ, 1973ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಗಲಭೆಯಾದೀತೆಂದು ಸೆನ್ಸಾರ್‌ನವರು ತಿಂಗಳುಗಟ್ಟಲೆ ತಡೆಹಿಡಿದರು. ಕೊನೆಗೆ ಮೊದಲು ತೆರೆಕಂಡದ್ದು ಬೆಂಗಳೂರಿನ ಎರಡು ಚಿತ್ರಮಂದಿರಗಳಲ್ಲಿ. ಜನ ಶಾಂತವಾಗಿ ನೋಡಿದರು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಆಮೇಲೆ ಬಂತು, 1975ರಲ್ಲಿ ಪದ್ಮಶ್ರೀಯೂ. ಕನ್ನಡದಲ್ಲಿ ಸತ್ಯು 'ಕನ್ನೇಶ್ವರ ರಾಮ', 'ಬರ' ಮುಂತಾದವನ್ನು ಮಾಡಿದರು.

'ಗರ್ಮ್ ಹವಾ'ದ ಹಳೆಯ ಪ್ರತಿಯನ್ನು ಸರಿಪಡಿಸಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಲಾಯಿತು. ಸಿಕ್ಕಿದರೆ ಮನೆಮಂದಿ ಕೂತು ನೋಡಿ. ಆಮಿನಾಳ ಕೊನೆಯ ದೃಶ್ಯ ಬರುವಾಗ ಚಿಕ್ಕ ಮಕ್ಕಳನ್ನು ಮಾತ್ರ ಒಳಗೆ ಕಳುಹಿಸಿಬಿಡಿ.